ಎಮ್ಮೆ ಮಾಂಸ: ಕೊಳ್ಳುವ ಮುಂಚೆ ಗಡಿಯಾರ ನೋಡಿ

ಎಮ್ಮೆ ಮಾಂಸದ ಬಗ್ಗೆ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ. "ಹೋದ ಸಲ ಬೆಣ್ಣೆ ಹಾಗಿತ್ತು, ಈ ಸಲ ರಬ್ಬರು. ಅಂಗಡಿಯವನು ಮೋಸ ಮಾಡಿದನಾ?" ಶಾರ್ಜಾದಲ್ಲೋ ದೋಹಾದಲ್ಲೋ ಇರುವವರದ್ದು ಬೇರೆ ಪಾಡು. ಸೂಪರ್ ಮಾರ್ಕೆಟ್ಟಿನ ಫ್ರೀಜರ್ ಮುಂದೆ ನಿಂತು ಫೋಟೋ ಕಳಿಸುತ್ತಾರೆ. ಹಿಂದೊಡೆಯ ಟಾಪ್‌ಸೈಡ್ ತಗೊಳ್ಳಲಾ, ಮೀನಖಂಡದ ಶಿನ್ ತಗೊಳ್ಳಲಾ ಅಂತ. ಅಮೆರಿಕದಿಂದ ಒಬ್ಬರು, "ಇಲ್ಲಿ ಬಫಲೋ ಬರ್ಗರ್ ಸಿಗುತ್ತೆ, ನಮ್ಮ ಎಮ್ಮೆನೇ ಅಲ್ವಾ?" ಅಂದರು. ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಪಾಠ ಕಲಿತದ್ದು ನೆಂಟರ ಎದುರಿಗೆ. ಬೆಳಗ್ಗೆ ಎರಡು ಕೆಜಿ ಬೋನ್‌ಲೆಸ್ ತಂದೆ. ಮೊಸರು, ಮಸಾಲೆ ಕಲಸಿ ಅರ್ಧ ಗಂಟೆ ಇಟ್ಟೆ. ಹಸಿ ಮಾಂಸದ ಮೇಲೆ ಅಕ್ಕಿ ಹರಡಿ ದಮ್ ಕಟ್ಟಿದೆ. ಅಕ್ಕಿ ಮುದ್ದೆಯಾಯಿತು, ಮಾಂಸ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹದಿನೈದು ವರ್ಷದ ಎಮ್ಮೆಗೆ ಅರ್ಧ ಗಂಟೆ ಮೊಸರು ಹಚ್ಚುವುದು ಅಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೇ. ಮಾವನವರು ಪಾಪ, ನೀರು ಕುಡಿದು ನುಂಗಿದರು. ತಮಾಷೆ ಅಂದರೆ, ಉಳಿದ ಅದೇ ತುಂಡುಗಳನ್ನು ಮಾರನೇ ದಿನ ಕುಕ್ಕರಿಗೆ ಹಾಕಿ ಮುಕ್ಕಾಲು ಗಂಟೆ ಬೇಯಿಸಿದೆ. ಆ ಸಾರಿನ ರುಚಿಯನ್ನು ಮನೆಯಲ್ಲಿ ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಮಾಂಸ ಕೆಟ್ಟದ್ದಾಗಿರಲಿಲ್ಲ. ನಾನು ಅದಕ್ಕೆ ಟೈಮ್ ಕೊಟ್ಟಿರಲಿಲ್ಲ.

ಆವತ್ತಿನಿಂದ "ಒಳ್ಳೆ ಮಾಂಸ ಯಾವುದು" ಅಂತ ಯಾರಾದರೂ ಕೇಳಿದರೆ, "ಅಡುಗೆಗೆ ಎಷ್ಟು ಹೊತ್ತು ಇದೆ" ಅಂತ ನಾನೇ ತಿರುಗಿ ಕೇಳುತ್ತೇನೆ.

ಏನೇನು ನೋಡಬೇಕು

ಎಲ್ಲಕ್ಕಿಂತ ಮೊದಲು ಪ್ರಾಣಿಯ ವಯಸ್ಸು. ಮಾಂಸದ ಎಳೆಗಳನ್ನು ಹಿಡಿದಿಡುವ ಕೊಲಾಜನ್ ಅನ್ನುವ ಪ್ರೋಟೀನು ವಯಸ್ಸಾದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ನೀರಿನಲ್ಲಿ ನಿಧಾನವಾಗಿ ಬೆಂದರೆ ಮಾತ್ರ ಅದು ಕರಗಿ ಜೆಲಾಟಿನ್ ಆಗುತ್ತದೆ. ಸಾರು ಬೆರಳಿಗೆ ಅಂಟುವಷ್ಟು ಗಟ್ಟಿಯಾಗುವುದು ಇದರಿಂದಲೇ. ಎಳೆ ಪ್ರಾಣಿಯ ಮಾಂಸ ಬೇಗ ಬೇಯುತ್ತದೆ, ಆದರೆ ರುಚಿ ಸಪ್ಪೆ. ವಯಸ್ಸಾದದ್ದು ಬೇಯುವುದು ತಡ, ರುಚಿ ಮಾತ್ರ ದಟ್ಟ. ಮೆತ್ತಗೂ ಇರಬೇಕು, ಬೇಗನೂ ಬೇಯಬೇಕು, ಗಾಢ ರುಚಿಯೂ ಬೇಕು ಅಂದರೆ ಒಂದೇ ತುಂಡಿನಲ್ಲಿ ಮೂರೂ ಸಿಗುವುದಿಲ್ಲ.

ಎರಡನೆಯದು ದೇಹದ ಯಾವ ಭಾಗ ಅನ್ನುವುದು. ನಡೆಯುವ, ಭಾರ ಹೊರುವ ಭಾಗ ಗಟ್ಟಿ. ಸುಮ್ನೆ ಇರುವ ಭಾಗ ಮೆತ್ತಗೆ.

ಮೂರನೆಯದು, ಕೊಯ್ದು ಎಷ್ಟು ಹೊತ್ತಾಗಿದೆ ಅನ್ನುವುದು. ನಮ್ಮ ಜನಕ್ಕೆ ಬೆಳಗ್ಗೆ ಕೊಯ್ದದ್ದನ್ನು ಬಿಸಿಬಿಸಿಯಾಗಿ ತಂದರೇ ಫ್ರೆಶ್. ಆದರೆ ಕೊಯ್ದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒಲೆಗೆ ಏರಿಸಿದರೆ ಇನ್ನಷ್ಟು ಗಟ್ಟಿ. ತಂದದ್ದನ್ನು ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 24 ಗಂಟೆ ಇಟ್ಟು ನೋಡಿ, ವ್ಯತ್ಯಾಸ ಹಲ್ಲಿಗೇ ಗೊತ್ತಾಗುತ್ತದೆ. ಫ್ರೀಜರಿನಲ್ಲಿ ಅಲ್ಲ, ಫ್ರಿಜ್ಜಿನಲ್ಲಿ. ಬಿಸಿ ಮಾಂಸವನ್ನು ನೇರವಾಗಿ ಫ್ರೀಜರಿಗೆ ತಳ್ಳಿದರೆ ಚಳಿಗೆ ಮುದುರಿಕೊಂಡು ಬಿಗಿಯಾಗುತ್ತದೆ.

ಇನ್ನು ಉಳಿದದ್ದು ಕೊಬ್ಬು, ಬೆಲೆ, ಎಷ್ಟು ಸುಲಭವಾಗಿ ಸಿಗುತ್ತದೆ ಅನ್ನುವುದು. ಅವು ಊರೂರಿಗೆ ಬೇರೆ.

ಕರ್ನಾಟಕದ ಅಂಗಡಿಯಲ್ಲಿ ಸಿಗುವುದು

ಇಲ್ಲಿ ಕಾನೂನನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. 2020ರ ಗೋಹತ್ಯೆ ತಡೆ ಕಾಯ್ದೆಯ ಪ್ರಕಾರ 13 ವರ್ಷಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ, ಕೋಣಗಳೂ ಜಾನುವಾರಿನ ಪಟ್ಟಿಯಲ್ಲಿವೆ. ಅವನ್ನು ಕೊಯ್ಯುವ ಹಾಗಿಲ್ಲ. ಅಂದರೆ ನಮ್ಮ ರಾಜ್ಯದಲ್ಲಿ ಸರಿಯಾದ ದಾರಿಯಲ್ಲಿ ಬಂದ ಮಾಂಸ ಯಾವಾಗಲೂ ವಯಸ್ಸಾದ ಪ್ರಾಣಿಯದೇ. "ಸಾರ್, ಎಳೆ ಕರು ಇದೆ" ಅಂತ ಯಾರಾದರೂ ಪಿಸುಗುಟ್ಟಿದರೆ ಮುಂದಿನ ಅಂಗಡಿಗೆ ನಡೆಯಿರಿ. ಬಿಲ್ಲು ಕೊಡುವ, ಲೈಸೆನ್ಸ್ ತೂಗುಹಾಕಿರುವ ಅಂಗಡಿ ಸಾಕು.

ಹಾಗಾಗಿ ಇಲ್ಲಿನ ಅಡುಗೆಯವರ ಲೆಕ್ಕ ಸುಲಭ. ವಯಸ್ಸಿನಲ್ಲಿ ಆಯ್ಕೆ ಇಲ್ಲ, ಭಾಗದಲ್ಲಿ ಇದೆ. ನಮ್ಮಲ್ಲಿ ಮಾಂಸಕ್ಕೆ ಅಂತಲೇ ಎಮ್ಮೆ ಸಾಕುವವರು ಅಪರೂಪ. ಹಾಲು ಕರೆದು, ಕರು ಹಾಕಿಸಿ, ಗೊಡ್ಡಾದ ಮೇಲೆ ಸಂತೆಗೆ ಹೊಡೆಯುತ್ತಾರೆ. ಅಷ್ಟು ವರ್ಷ ನಡೆದಾಡಿದ ಕಾಲು, ಭುಜಗಳಲ್ಲಿ ಆ ದುಡಿಮೆಯೆಲ್ಲ ಸೇರಿಕೊಂಡಿರುತ್ತದೆ.

ಎಮ್ಮೆ ಮಾಂಸ ಹೌದೋ ಅಲ್ಲವೋ ಅಂತ ನೋಡಲು ಕೊಬ್ಬು ನೋಡಿ. ಎಮ್ಮೆಯ ಕೊಬ್ಬು ಸುಣ್ಣದ ಹಾಗೆ ಬಿಳಿ. ದನದ ಕೊಬ್ಬಿಗೆ ಸಾಮಾನ್ಯವಾಗಿ ಹಳದಿ ಛಾಯೆ. ಎಮ್ಮೆ ತುಪ್ಪ ಬಿಳಿ, ಹಸುವಿನ ತುಪ್ಪ ಹಳದಿ ಅಲ್ವಾ, ಕಾರಣವೂ ಅದೇ. ಹುಲ್ಲಿನಲ್ಲಿರುವ ಹಳದಿ ಬಣ್ಣದ ಕೆರೋಟಿನ್ನನ್ನು ಎಮ್ಮೆಯ ದೇಹ ವಿಟಮಿನ್ ಎ ಆಗಿ ಬದಲಾಯಿಸಿಬಿಡುತ್ತದೆ, ಕೊಬ್ಬಿಗೆ ಬಣ್ಣ ಬರುವುದಿಲ್ಲ. ಮಾಂಸದ ಬಣ್ಣ ಗಾಢ ಕೆಂಪು, ಗಾಳಿ ತಗುಲಿದರೆ ಇನ್ನಷ್ಟು ಕಪ್ಪು. ಇದನ್ನು ನೋಡಿ "ಹಳೇದು, ಕೆಟ್ಟಿದೆ" ಅಂದುಕೊಳ್ಳುವವರು ಜಾಸ್ತಿ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಮೂಸಿ ನೋಡಿ, ಹುಳಿ ವಾಸನೆ ಇರಬಾರದು. ಮುಟ್ಟಿ ನೋಡಿ, ಲೋಳೆ ಅಂಟಬಾರದು. ಬೆರಳಿನಿಂದ ಒತ್ತಿದರೆ ತಗ್ಗು ತುಂಬಿಕೊಳ್ಳಬೇಕು. ತಟ್ಟೆಯ ಕೆಳಗೆ ನೀರು ನಿಂತಿದ್ದರೆ ಬೇಡ.

ರಾನ್, ಗರ್ದನ್, ಬೋಂಗ್

ಬೆಂಗಳೂರಿನ ಬಹುತೇಕ ಅಂಗಡಿಗಳಲ್ಲಿ ದಖ್ನಿ, ಅಂದರೆ ನಮ್ಮ ಕಡೆಯ ಉರ್ದು, ಮಾತು ನಡೆಯುತ್ತದೆ. ಈ ನಾಲ್ಕೈದು ಪದ ಗೊತ್ತಿದ್ದರೆ ನಿಮಗೆ ಬೇಕಾದದ್ದೇ ಸಿಗುತ್ತದೆ. ಇಲ್ಲದಿದ್ದರೆ ಮಿಕ್ಸ್ ಹಾಕಿ ಕೊಡುತ್ತಾರೆ. ಮಿಕ್ಸ್ ಅಂದರೆ ಒಂದು ತುಂಡು ಇಪ್ಪತ್ತು ನಿಮಿಷಕ್ಕೆ ಬೆಂದರೆ ಪಕ್ಕದ ತುಂಡಿಗೆ ಐವತ್ತು ನಿಮಿಷ ಬೇಕು. ಒಂದು ಕರಗಿ ಹೋಗಿರುತ್ತದೆ, ಇನ್ನೊಂದು ಕಲ್ಲು. ಎಮ್ಮೆ ಮಾಂಸ ಕೆಟ್ಟ ಹೆಸರು ತಗೊಂಡಿರುವುದು ಅರ್ಧ ಈ ಮಿಕ್ಸ್‌ನಿಂದ ಅಂತ ನನ್ನ ಅನುಮಾನ.

ರಾನ್ ಅಂದರೆ ಹಿಂದೊಡೆ. ಎಲ್ಲರೂ ಕೇಳುವುದು ಇದನ್ನೇ. ನೋಡಲು ಚೆಂದ, ಕೊಬ್ಬಿಲ್ಲ, ಮೂಳೆ ಇಲ್ಲ, ಚೌಕ ಚೌಕ ತುಂಡಾಗುತ್ತದೆ. ನನ್ನ ಪ್ರಕಾರ ಅನಗತ್ಯವಾಗಿ ಮೆರೆಯುತ್ತಿರುವ ಭಾಗ. ಕೊಬ್ಬೂ ಇಲ್ಲ, ಕರಗುವ ನರವೂ ಕಡಿಮೆ. ಹಾಗಾಗಿ ಸ್ವಲ್ಪ ಹೆಚ್ಚು ಬೆಂದರೆ ನಾರು ನಾರಾಗಿ ಒಣಗುತ್ತದೆ. ಇದನ್ನು ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ದು ಹುರಿಯಲು, ಒಣಗಿಸಲು, ಖೈಮಾಗೆ ಬಳಸಿ. ಉಪ್ಪು, ಅರಿಸಿನ ಹಚ್ಚಿ ಹಗ್ಗಕ್ಕೆ ತೂಗುಹಾಕಿ ಒಣಗಿಸಿದ ಬಾಡಿಗೆ ರಾನ್ ಹೇಳಿ ಮಾಡಿಸಿದ್ದು. ಕೊಬ್ಬು ಇದ್ದರೆ ಒಣಗಿಸಿದಾಗ ಮುಗ್ಗಲು ವಾಸನೆ ಬರುತ್ತದೆ, ರಾನ್‌ನಲ್ಲಿ ಆ ತೊಂದರೆ ಇಲ್ಲ.

ಗರ್ದನ್ ಅಂದರೆ ಕತ್ತು, ದಸ್ತ್ ಅಂದರೆ ಮುಂಗಾಲಿನ ಭುಜ. ಸಾರಿಗೆ, ಮುದ್ದೆ ಜೊತೆಗಿನ ಗೊಜ್ಜಿಗೆ ನಾನು ಇದನ್ನೇ ತರುತ್ತೇನೆ. ಮಾಂಸದ ನಡುವೆ ನರ, ಕೊಬ್ಬು ಎರಡೂ ಹದವಾಗಿ ಇರುತ್ತವೆ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣಗೆ ಮಾಡಿ ಮೂವತ್ತೈದು, ನಲವತ್ತು ನಿಮಿಷ ಬಿಟ್ಟರೆ ಒಳಗೆ ರಸ ಉಳಿಸಿಕೊಂಡೇ ಮೆತ್ತಗಾಗುತ್ತದೆ.

ಬೋಂಗ್ ಅಂದರೆ ಮೊಣಕಾಲಿನ ಕೆಳಗಿನ ಮೀನಖಂಡ. ಹಸಿಯಲ್ಲಿ ನೋಡಿದರೆ ಬೇಡ ಅನಿಸುತ್ತದೆ. ಬಿಳಿ ನರಗಳು ಜಾಲರಿಯ ಹಾಗೆ ಹೆಣೆದುಕೊಂಡಿರುತ್ತವೆ. ಆದರೆ ಇಡೀ ಪ್ರಾಣಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಇದು. ಕುಕ್ಕರಿನಲ್ಲಿ ಐವತ್ತು ನಿಮಿಷ, ದಪ್ಪ ತಳದ ಪಾತ್ರೆಯಲ್ಲಾದರೆ ಮೂರು ಗಂಟೆ. ಆ ನರಗಳೆಲ್ಲ ಕರಗಿ ಪಾರದರ್ಶಕವಾಗಿ ಹೊಳೆಯುತ್ತವೆ, ಬಾಯಿಗಿಟ್ಟರೆ ಜಾರುತ್ತದೆ. ಒಂದು ನಳ್ಳಿ ಮೂಳೆಯನ್ನೂ ಜೊತೆಗೆ ಹಾಕಿಸಿಕೊಳ್ಳಿ. ನಿಹಾರಿ ಅನ್ನುವ, ನಿಧಾನವಾಗಿ ಬೇಯಿಸುವ ಸಾರು ಮಾಡುವವರು ಬೋಂಗ್ ಬಿಟ್ಟು ಬೇರೆ ಮುಟ್ಟದಿರುವುದಕ್ಕೆ ಕಾರಣ ಇದೆ. ಗ್ಯಾಸ್ ಖರ್ಚು ಜಾಸ್ತಿ, ಒಪ್ಪುತ್ತೇನೆ.

ಸೀನಾ, ಅಂದರೆ ಎದೆ, ಕೊಬ್ಬು ಇಷ್ಟಪಡುವವರಿಗೆ. ಒಂದು ಎಚ್ಚರಿಕೆ. ಎಮ್ಮೆ ಕೊಬ್ಬು ತಣ್ಣಗಾದ ಕೂಡಲೇ ಮೇಣದ ಹಾಗೆ ಗಟ್ಟಿಯಾಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಬಿಸಿಯಾಗಿ ಬಡಿಸಲು ಆಗದಿದ್ದರೆ ಮೊದಲೇ ಕತ್ತರಿಸಿ ತೆಗೆಸಿ.

ಅಂಡರ್‌ಕಟ್ ಬೆನ್ನಿನ ಒಳಗಿನ ಉದ್ದನೆಯ ಪಟ್ಟಿ. ಒಂದು ಪ್ರಾಣಿಯಲ್ಲಿ ಇರುವುದೇ ಎರಡು, ಹೋಟೆಲಿನವರು ಮೊದಲೇ ಹೇಳಿಟ್ಟಿರುತ್ತಾರೆ. ವಯಸ್ಸಾದ ಎಮ್ಮೆಯಲ್ಲೂ ಬೇಗ ಬೇಯುವ ಭಾಗ ಅಂದರೆ ಇದೊಂದೇ. ಚಿಲ್ಲಿ ಫ್ರೈ, ಸ್ಟೇಕ್ ಮಾಡುವ ಆಸೆ ಇದ್ದರೆ ದುಡ್ಡು ಜಾಸ್ತಿ ಕೊಟ್ಟು ಇದನ್ನೇ ಕೊಳ್ಳಿ. ರಾನ್‌ನಲ್ಲಿ ಸ್ಟೇಕ್ ಮಾಡಲು ಹೋಗಬೇಡಿ.

ಖೈಮಾ ಬೇಕಾದರೆ ಭಾಗ ತೋರಿಸಿ, ಕಣ್ಣ ಮುಂದೆ ಮಾಡಿಸಿ. ಮೊದಲೇ ಮಾಡಿಟ್ಟದ್ದು ಬೇಗ ಕೆಡುತ್ತದೆ, ಅದರಲ್ಲಿ ಏನೇನು ಸೇರಿದೆ ಅಂತ ದೇವರಿಗೇ ಗೊತ್ತು. ಶಾಮಿ ಕಬಾಬಿಗೆ ಕಡಲೆಬೇಳೆ ಜೊತೆ ಮೊದಲೇ ಬೇಯಿಸುವುದರಿಂದ ಎಂಥ ಗಟ್ಟಿ ಮಾಂಸವೂ ನಡೆಯುತ್ತದೆ. ಸೀಖ್ ಕಬಾಬಿಗೆ ಹಾಗಲ್ಲ. ಅಲ್ಲಿ ಕೊಬ್ಬೂ ಬೇಕು, ಪರಂಗಿಕಾಯಿಯೂ ಬೇಕು.

ಪರಂಗಿಕಾಯಿಯ ಮಾತು ಬಂತಲ್ಲ. ಹಸಿ ಪರಂಗಿಯ ಹಾಲಿನಲ್ಲಿರುವ ಪಪೈನ್ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಹಸಿ ಶುಂಠಿಗೂ ಆ ಗುಣ ಇದೆ. ಆದರೆ ಅದು ಕೆಲಸ ಮಾಡುವುದು ಮೇಲ್ಮೈ ಮೇಲೆ. ದಪ್ಪ ತುಂಡಿಗೆ ಹಚ್ಚಿ ರಾತ್ರಿಯಿಡೀ ಇಟ್ಟರೆ ಹೊರಗೆ ಹಿಟ್ಟು ಹಿಟ್ಟು, ಒಳಗೆ ಹಾಗೇ ಗಟ್ಟಿ. ತೆಳ್ಳಗೆ ಕೊಯ್ದ ಮಾಂಸಕ್ಕೆ, ಖೈಮಾಗೆ ಸರಿ. ಸಾರಿಗೆ ಬೇಡವೇ ಬೇಡ.

ಬಿರಿಯಾನಿಗೆ ಏನು ಮಾಡಬೇಕು? ಕಲ್ಯಾಣಿ ಬಿರಿಯಾನಿಯವರನ್ನು ನೋಡಿ ಕಲಿಯಬೇಕು. ಹೈದರಾಬಾದಿನಲ್ಲಿ ಕಡಿಮೆ ಬೆಲೆಗೆ ಸಿಗುವ ಈ ಬಿರಿಯಾನಿ ಎಮ್ಮೆ ಮಾಂಸದ್ದು. ಅದರ ಹೆಸರು ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದ ನವಾಬರ ಮನೆತನದಿಂದ ಬಂದದ್ದು ಅಂತಾರೆ. ಅದರಲ್ಲಿ ಮಾಂಸ ದೊಡ್ಡ ತುಂಡಲ್ಲ, ಸಣ್ಣ ಸಣ್ಣ ಚೌಕ. ಮನೆಯಲ್ಲಿ ನಾನೂ ಈಗ ಸಣ್ಣಗೇ ಕೊಯ್ದು, ಮಾಂಸವನ್ನು ಪೂರ್ತಿ ಬೇಯಿಸಿಕೊಂಡು ಆಮೇಲೆ ಅಕ್ಕಿ ಸೇರಿಸುತ್ತೇನೆ. ಮಾವನವರು ನೀರಿಲ್ಲದೆ ಉಣ್ಣುತ್ತಾರೆ.

ಕಾಸರಗೋಡಿನ ಕಡೆ

ಕೇರಳದಲ್ಲಿ ನಮ್ಮಂಥ ಕಾಯ್ದೆ ಇಲ್ಲ. ಅಲ್ಲಿ ಕೋಣನಿಗೆ ಪೋತ್ತ್ ಅನ್ನುತ್ತಾರೆ. ಅಂಗಡಿಯವರು ಪೋತ್ತ್ ಅಂತ ಹೆಮ್ಮೆಯಿಂದ ಬೋರ್ಡ್ ಬರೆಸುತ್ತಾರೆ, ಗಿರಾಕಿಗಳೂ ಅದನ್ನೇ ಕೇಳಿ ಹೋಗುತ್ತಾರೆ. ನಮ್ಮಲ್ಲಿ "ಎಮ್ಮೆನಾ?" ಅಂತ ಮೂಗು ಮುರಿಯುವವರು ಗಡಿ ದಾಟಿದ ಕೂಡಲೇ ಅದೇ ಮಾಂಸವನ್ನು ತೆಂಗಿನಕಾಯಿ ಚೂರು, ಕರಿಬೇವು ಹಾಕಿ ಕಪ್ಪಗೆ ಹುರಿದು ಕೊಟ್ಟರೆ ಬೆರಳು ಚೀಪುತ್ತಾರೆ.

ಎಳೆ ಕೋಣದ ಮಾಂಸ ತಿಳಿಗೆಂಪು, ನಾರು ಸಣ್ಣ, ಮೂಳೆಯ ತುದಿಯಲ್ಲಿ ಮೆದು ಎಲುಬು ಇರುತ್ತದೆ. ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಸಾಕು, ಮಟನ್‌ಗೆ ಹೆಚ್ಚೂ ಕಡಿಮೆ ಅಷ್ಟೇ. ಹಲ್ಲು ಸರಿಯಿಲ್ಲದ ಹಿರಿಯರಿಗೆ, ಮಕ್ಕಳಿಗೆ ಇದು ಒಳ್ಳೆಯದು. ಆದರೆ ಬರೀ ಸಾರು ಮಾಡಿದರೆ ನನಗೆ ಏನೋ ಕಡಿಮೆ ಅನಿಸುತ್ತದೆ. ಒಗ್ಗರಣೆ, ಮೆಣಸು ಜೋರಾಗಿ ಬೇಕು. ಗಡಿಯಾಚೆಯಿಂದ ಮನೆಗೆ ಕಟ್ಟಿಸಿಕೊಂಡು ಬರುವ ಯೋಚನೆ ಬೇಡ. ಅಲ್ಲೇ ಹೋಟೆಲಿನಲ್ಲಿ ಕೂತು ಪರೋಟ ಜೊತೆ ತಿಂದು ಬನ್ನಿ.

ಗಲ್ಫಿನ ಫ್ರೀಜರ್ ಮುಂದೆ

ಅಲ್ಲಿ "ಇಂಡಿಯನ್ ಬೀಫ್" ಅಂತ ಬರೆದಿದ್ದರೂ ಒಳಗಿರುವುದು ಎಮ್ಮೆ. ಭಾರತದಿಂದ ದನದ ಮಾಂಸ ರಫ್ತು ಮಾಡುವ ಹಾಗಿಲ್ಲ. ಎಮ್ಮೆಯದೂ ಮೂಳೆ ತೆಗೆದದ್ದು ಮಾತ್ರ ಹೋಗಬೇಕು. ಹಾಗಾಗಿ ನಳ್ಳಿ ಮೂಳೆ ಬೇಕು ಅಂದರೆ ಆ ಪ್ಯಾಕೆಟ್ಟಿನಲ್ಲಿ ಹುಡುಕಬೇಡಿ.

ಫ್ರೋಜನ್ ಅಂದರೆ ಕೀಳು ಅಂತ ನಮ್ಮವರ ನಂಬಿಕೆ. ನಾನು ಒಪ್ಪುವುದಿಲ್ಲ. ಕಾಲುಬಾಯಿ ಜ್ವರದ ವೈರಸ್ ಮಾಂಸದ ಜೊತೆ ಬೇರೆ ದೇಶಕ್ಕೆ ಹೋಗದ ಹಾಗೆ ನೋಡಿಕೊಳ್ಳಲು ಒಂದು ಅಂತರರಾಷ್ಟ್ರೀಯ ನಿಯಮ ಇದೆ. ಕೊಯ್ದ ಮೇಲೆ ಕಡಿಮೆ ಅಂದರೂ 24 ಗಂಟೆ ತಣ್ಣಗಿನ ಕೋಣೆಯಲ್ಲಿ ತೂಗುಹಾಕಿ, ಮಾಂಸದ ಹುಳಿಯ ಮಟ್ಟ ಸರಿಯಾಗಿ ಏರಿದೆಯೇ ಅಂತ ಅಳೆದು, ಆಮೇಲೆ ಮೂಳೆ ಬಿಡಿಸಬೇಕು. ಕಾಯಿಲೆಗೆ ಹೆದರಿ ಮಾಡಿದ ನಿಯಮ, ಲಾಭವಾದದ್ದು ನಮ್ಮ ಹಲ್ಲಿಗೆ. ಬೆಳಗ್ಗೆ ಕೊಯ್ದು ಮಧ್ಯಾಹ್ನ ಬೇಯಿಸುವ ಮಾಂಸಕ್ಕೆ ಸಿಗದ ವಿಶ್ರಾಂತಿ ಇದಕ್ಕೆ ಸಿಕ್ಕಿರುತ್ತದೆ.

ಕಳೆದುಕೊಳ್ಳುವುದು ರಸ. ಕರಗಿಸುವಾಗ ಕೆಂಪು ನೀರು ಹರಿದುಹೋಗುತ್ತದೆ. ಅವಸರದಲ್ಲಿ ಬಿಸಿನೀರಿಗೆ ಹಾಕಿದರೆ ಇನ್ನೂ ಜಾಸ್ತಿ. ರಾತ್ರಿ ಫ್ರಿಜ್ಜಿಗೆ ಇಳಿಸಿ, ಬೆಳಗ್ಗೆ ತೆಗೆಯಿರಿ. ಪ್ಯಾಕೆಟ್ಟಿನೊಳಗೆ ದೊಡ್ಡ ದೊಡ್ಡ ಮಂಜಿನ ಹರಳು ಕಂಡರೆ ನಡುವೆ ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅನುಮಾನ ಪಡಿ.

ಹೆಸರುಗಳ ವಿಷಯ. ಟಾಪ್‌ಸೈಡ್, ಸಿಲ್ವರ್‌ಸೈಡ್ ಎರಡೂ ನಮ್ಮ ರಾನ್. ಶಿನ್, ಶ್ಯಾಂಕ್ ಅಂದರೆ ಬೋಂಗ್. ಬ್ಲೇಡ್, ಚಕ್ ಅಂದರೆ ಭುಜದ ಕಡೆ. ಟೆಂಡರ್‌ಲಾಯಿನ್ ಅಂದರೆ ಅಂಡರ್‌ಕಟ್. ಫೋಟೋ ಕಳಿಸಿದ ಗೆಳೆಯನಿಗೆ ನಾನು ಹೇಳಿದ್ದು ಶಿನ್. ಅವನಿಗೆ ಶುಕ್ರವಾರ ಪೂರ್ತಿ ರಜೆ. ವಾರದ ನಡುವೆ ಡ್ಯೂಟಿ ಮುಗಿಸಿ ಬಂದು ಅಡುಗೆ ಮಾಡುವವನಾಗಿದ್ದರೆ ಬ್ಲೇಡ್ ಅನ್ನುತ್ತಿದ್ದೆ.

ಪಕ್ಕದಲ್ಲೇ ಬ್ರೆಜಿಲ್, ಆಸ್ಟ್ರೇಲಿಯಾದ ದನದ ಮಾಂಸ ಇರುತ್ತದೆ. ಗ್ರಿಲ್ ಮಾಡುವುದಾದರೆ ಅದೇ ಮೇಲು, ಮಾಂಸದೊಳಗೆ ಕೊಬ್ಬು ಹರಡಿರುತ್ತದೆ. ಸುಕ್ಕಾ, ಸಾರು, ಬಫಾತ್ ಪುಡಿ ಹಾಕಿದ ಮಂಗಳೂರು ಕಡೆಯ ಅಡುಗೆಗೆ ನನಗೆ ಎಮ್ಮೆಯೇ ಸರಿ. ಮಸಾಲೆಗೆ ಸೋಲದ ಗಟ್ಟಿ ರುಚಿ ಅದಕ್ಕಿದೆ, ಬೆಲೆಯೂ ಕಡಿಮೆ.

ಅಮೆರಿಕದ ಬಫಲೋ

ಅದು ಬೈಸನ್. ಬೇರೆಯೇ ಪ್ರಾಣಿ. ನಮ್ಮ ಎಮ್ಮೆಗೂ ಅದಕ್ಕೂ ಬಹಳ ದೂರದ ನೆಂಟಸ್ತಿಕೆ. ಎಮ್ಮೆಯ ಹಾಗೆ ಕೊಬ್ಬು ಕಡಿಮೆ, ಬಣ್ಣ ಗಾಢ, ಆದರೆ ರುಚಿ ಸ್ವಲ್ಪ ಸಿಹಿಯ ಕಡೆ, ಎಳೆ ಮೆದು. ಬೆಲೆ ಅಲ್ಲಿನ ದನದ ಮಾಂಸಕ್ಕಿಂತ ಜಾಸ್ತಿ. ಇದನ್ನು ತಂದು ನಲವತ್ತು ನಿಮಿಷ ಕುಕ್ಕರಿನಲ್ಲಿ ಕೂಗಿಸಿದರೆ ದುಡ್ಡು ದಂಡ. ಊರಿನ ರುಚಿಯ ಸಾರು ಬೇಕಾದರೆ ಅಲ್ಲಿನ ಹಲಾಲ್ ಅಂಗಡಿಯಲ್ಲಿ ದನದ ಶ್ಯಾಂಕ್ ಕೊಳ್ಳುವುದು ವಾಸಿ. ಇನ್ನು ನಮ್ಮ ಮಲೆನಾಡಿನ ಕಾಟಿಯನ್ನೂ ಇಂಗ್ಲಿಷಿನವರು ಇಂಡಿಯನ್ ಬೈಸನ್ ಅನ್ನುತ್ತಿದ್ದರು. ಅದು ಸಂರಕ್ಷಿತ ಕಾಡುಪ್ರಾಣಿ, ತಿನ್ನುವ ಪಟ್ಟಿಯಲ್ಲೇ ಇಲ್ಲ.

ಮಟನ್ ಬಿಟ್ಟು ಇದಕ್ಕೆ ಬರಬಹುದಾ?

ಬೆಲೆ ನೋಡಿದರೆ ಹೌದು. ನಮ್ಮ ಕಡೆ ಸಾಮಾನ್ಯವಾಗಿ ಮಟನ್‌ನ ಅರ್ಧದ ಆಸುಪಾಸು. 100 ಗ್ರಾಂ ಕೊಬ್ಬಿಲ್ಲದ ಹಸಿ ಎಮ್ಮೆ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು, ಒಂದೆರಡು ಗ್ರಾಂ ಕೊಬ್ಬು ಅಷ್ಟೇ. ಜಿಮ್ಮಿಗೆ ಹೋಗುವ ಹುಡುಗರು ಇದನ್ನು ಹುಡುಕಿಕೊಂಡು ಬರುವುದು ಇದಕ್ಕೇ. ಆದರೆ ಕೆಂಪು ಮಾಂಸ ಕೆಂಪು ಮಾಂಸವೇ. ಯೂರಿಕ್ ಆಸಿಡ್ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಿ. ಮತ್ತೆ, ಕೊಬ್ಬು ಇಲ್ಲದ್ದಕ್ಕೇ ಇದು ಬೇಗ ಒಣಗುವುದು. ಆರೋಗ್ಯಕ್ಕೆ ಒಳ್ಳೆಯದಾದ ಗುಣವೇ ಅಡುಗೆಯಲ್ಲಿ ಕಾಟ ಕೊಡುತ್ತದೆ. ಮಟನ್ ನಿಮ್ಮ ತಪ್ಪುಗಳನ್ನು ಕ್ಷಮಿಸುತ್ತದೆ, ಎಮ್ಮೆ ಕ್ಷಮಿಸುವುದಿಲ್ಲ.

ನಿಮ್ಮ ಮನೆಗೆ ಯಾವುದು

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಭಾನುವಾರ ಎರಡು ಕೆಜಿ ಗರ್ದನ್ ತಂದು, ಸೋಮವಾರ ಸಂಜೆವರೆಗೆ ಫ್ರಿಜ್ಜಿನಲ್ಲಿಟ್ಟು, ಬರೀ ಉಪ್ಪು, ಶುಂಠಿ, ಬೆಳ್ಳುಳ್ಳಿ ಹಾಕಿ ಬೇಯಿಸಿ ಡಬ್ಬಿಗಳಲ್ಲಿ ಫ್ರೀಜ್ ಮಾಡಿ. ಆಮೇಲೆ ಯಾವ ದಿನ ಬೇಕಾದರೂ ಹದಿನೈದು ನಿಮಿಷದ ಅಡುಗೆ. ಬೆಂದ ಮೇಲೆ ಸುಮಾರು ಮೂರನೇ ಒಂದು ಭಾಗ ತೂಕ ಇಳಿಯುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೋನ್‌ಲೆಸ್ ಅಂತ ಜಾಸ್ತಿ ದುಡ್ಡು ಕೊಡುವವರೂ ಈ ಲೆಕ್ಕ ಮರೆಯುತ್ತಾರೆ.

ಕೈಯಲ್ಲಿ ದುಡ್ಡು ಬಿಗಿ, ಮನೆಯಲ್ಲಿ ಬಾಯಿಗಳು ಜಾಸ್ತಿ ಅನ್ನುವವರಿಗೆ ಬೋಂಗ್ ಮತ್ತು ಮೂಳೆ. ಸಾರಿನಲ್ಲೇ ರುಚಿ ಇರುವುದರಿಂದ ಮುದ್ದೆಯೋ ಜೋಳದ ರೊಟ್ಟಿಯೋ ಎಷ್ಟಿದ್ದರೂ ಸಾಗುತ್ತದೆ. ಮೊದಲ ಸಲ ತಿನ್ನುವವರಿದ್ದರೆ ಖೈಮಾದಿಂದ ಶುರು ಮಾಡಿ, ಜಗಿಯುವ ಭಯ ಇರುವುದಿಲ್ಲ. ನೆಂಟರು ಬರುವ ದಿನ ಬಿರಿಯಾನಿ ಮಾಡಬೇಕು ಅಂತಿದ್ದರೆ ಮಾಂಸವನ್ನು ಹಿಂದಿನ ರಾತ್ರಿಯೇ ಬೇಯಿಸಿಡಿ.

ಮತ್ತೆ ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿಗೆ ಹೋಗಿ, ಒಂದೂವರೆಗೆ ಊಟ ಹಾಕಬೇಕು ಅನ್ನುವವರು ಕೋಳಿ ತಗೊಳ್ಳಿ.